ಪಿಎಚ್.ಡಿ. ಮೂರನೆಯ ವರ್ಷ: ಉಪಕರಣ ಕೆಟ್ಟು ನಿಂತಿರುವಾಗ ಸಂಶೋಧನೆಯ ವಿಷಯ ಬದಲಿಸಬೇಕೆ?

ನಿಕಲೇಟ್ ವಿದ್ಯಾರ್ಥಿನಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಎಂ.ಎಸ್ಸಿ. ಮುಗಿದ ಮೇಲೆ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತು ಇಲ್ಲಿಗೆ ಸೇರಿದೆ. ಈಗ ಮೂರನೆಯ ವರ್ಷ ನಡೆಯುತ್ತಿದೆ. ನನ್ನ ಗೈಡ್ ಕೊಟ್ಟಿರುವ ವಿಷಯ ನಿಕಲೇಟ್ (ನಿಕಲ್ ಮತ್ತು ಆಮ್ಲಜನಕವಿರುವ ಸಂಯುಕ್ತ) ತೆಳುಪದರಗಳಲ್ಲಿ ಅತಿವಾಹಕತೆ, ಅಂದರೆ ಬಹಳ ತಣ್ಣಗಾದಾಗ ವಿದ್ಯುತ್ ರೋಧವೇ ಇಲ್ಲವಾಗುವ ಗುಣ. 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವು ಸ್ಟ್ರಾನ್ಷಿಯಂ ಬೆರೆಸಿದ ನಿಯೋಡಿಮಿಯಂ ನಿಕಲೇಟ್‌ನಲ್ಲಿ 9ರಿಂದ 15 ಕೆಲ್ವಿನ್ ನಡುವೆ ಅತಿವಾಹಕತೆಯನ್ನು ಕಂಡ ಬಳಿಕ ಈ ವಸ್ತುಗಳ ಬಗ್ಗೆ ಎಲ್ಲೆಡೆ ಎದ್ದ ಉತ್ಸಾಹದಲ್ಲಿಯೇ ನಮ್ಮ ಯೋಜನೆಯೂ ರೂಪುಗೊಂಡಿತು.

ಕೆಲಸದಲ್ಲಿ ಎರಡು ಹಂತಗಳಿವೆ. ಮೊದಲು ಸ್ಟ್ರಾನ್ಷಿಯಂ ಟೈಟನೇಟ್ ಸ್ಫಟಿಕದ ಮೇಲೆ ಪೆರೋವ್‌ಸ್ಕೈಟ್ ಎಂಬ ಸ್ಫಟಿಕ ರಚನೆಯ ನಿಕಲೇಟ್ ಪದರವನ್ನು ಲೇಸರ್ ಮಿಡಿತಗಳಿಂದ ಬೆಳೆಸಬೇಕು. ಇದನ್ನು ಬೇರೊಂದು ಸಂಸ್ಥೆಯ ಉಪಕರಣದಲ್ಲಿ ಸಮಯ ಕೇಳಿ ಪಡೆದು ಮಾಡುತ್ತೇನೆ. ಆ ಮೇಲೆ ಪದರವನ್ನು ಕ್ಯಾಲ್ಸಿಯಂ ಹೈಡ್ರೈಡ್ ಪುಡಿಯೊಂದಿಗೆ ಗಾಜಿನ ಕೊಳವೆಯಲ್ಲಿ ಮುಚ್ಚಿ ಹದವಾಗಿ ಕಾಯಿಸಿ, ರಚನೆಯಿಂದ ಒಂದಷ್ಟು ಆಮ್ಲಜನಕವನ್ನು ತೆಗೆಯಬೇಕು. ಮೊದಲ ಹಂತ ಒಂದು ಮಟ್ಟಿಗೆ ಕೈಗೆ ಬಂದಿದೆ. ಎರಡನೆಯ ಹಂತದ ನಂತರ ಎಕ್ಸ್-ಕಿರಣ ವಿವರ್ತನೆಯ ಶಿಖರಗಳು (ಸ್ಫಟಿಕ ರಚನೆಯ ಗುರುತುಗಳು) ಮಂಕಾಗುತ್ತವೆ, ಹಲವು ಪದರಗಳು ಪೂರ್ತಿ ಅವಾಹಕವಾಗಿಬಿಡುತ್ತವೆ.

ಇದರ ನಡುವೆ ನಮ್ಮ ಲ್ಯಾಬಿನಲ್ಲಿ ಮಾದರಿಗಳನ್ನು ಕೆಳತಾಪಕ್ಕೆ ತಣಿಸುವ ಕ್ರಯೋಕೂಲರ್‌ನ ಕಂಪ್ರೆಸರ್ ಕೆಟ್ಟಿದೆ. ದುರಸ್ತಿಗೆ ಕೇಳಿದ ಮೊತ್ತ ಯೋಜನೆಯಲ್ಲಿ ಉಳಿದಿರುವ ಹಣಕ್ಕಿಂತ ಹೆಚ್ಚು, ಯೋಜನೆಯ ಅವಧಿಯೂ ಮುಗಿಯುತ್ತ ಬಂದಿದೆ. ಹೊಸ ಅನುದಾನ ಬರುವವರೆಗೆ ಕಾಯೋಣ ಎಂದು ಗೈಡ್ ಹೇಳುತ್ತಾರೆ. ಗಣಕ ಲೆಕ್ಕಾಚಾರಕ್ಕೆ ಬದಲಾಯಿಸಿಕೊಂಡರೆ ಯಾವ ಯಂತ್ರದ ಹಂಗೂ ಇರದು ಎಂಬುದು ಸಹಪಾಠಿಗಳ ಸಲಹೆ. ನನ್ನ ಹೆಸರಿನಲ್ಲಿ ಈವರೆಗೆ ಒಂದೂ ಪ್ರಬಂಧ ಪ್ರಕಟವಾಗಿಲ್ಲ. ಈ ಹಂತದಲ್ಲಿ ವಿಷಯ ಬದಲಿಸುವುದು ಸರಿಯೇ? ಅತಿವಾಹಕತೆ ಸಿಗದಿದ್ದರೆ ಇಷ್ಟು ದಿನ ಮಾಡಿದ ಕೆಲಸದಿಂದ ಥೀಸಿಸ್ ಆಗುತ್ತದೆಯೇ? ಇಂಥ ಸ್ಥಿತಿಯನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಡ್ಯೂವಾರ್

ನಾನು ಕೆಳತಾಪದ ಪ್ರಯೋಗಗಳಲ್ಲಿಯೇ ಸೇವೆ ಮುಗಿಸಿದವನು. ನಿಮ್ಮ ಪ್ರಶ್ನೆಯನ್ನು ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಂಪ್ರೆಸರ್ ಅಲ್ಲ, ನೀವು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟ ಮೊದಲ ಹಂತ. ಸ್ಟ್ರಾನ್ಷಿಯಂ ಬೆರೆಸದ ನಿಯೋಡಿಮಿಯಂ ನಿಕಲೇಟ್ ಪೆರೋವ್‌ಸ್ಕೈಟ್ ರೂಪದಲ್ಲಿರುವಾಗ ಅತಿವಾಹಕತೆಗೆ ಹಾದಿಯ ನಡುವಿನ ತಂಗುದಾಣ ಮಾತ್ರವಲ್ಲ. ಅದು ತನ್ನಷ್ಟಕ್ಕೆ ದಶಕಗಳಿಂದ ಅಧ್ಯಯನಕ್ಕೆ ಒಳಗಾಗಿರುವ ವಸ್ತು. ಗಟ್ಟಿಯಾದ (ತೆಳುಪದರವಲ್ಲದ) ಮಾದರಿಯಲ್ಲಿ ಸುಮಾರು 200 ಕೆಲ್ವಿನ್‌ನಲ್ಲಿ ಅದು ಲೋಹದಿಂದ ಅವಾಹಕವಾಗುತ್ತದೆ, ತಣಿಸುವಾಗ ಒಂದು ತಾಪದಲ್ಲಿ, ಬಿಸಿ ಮಾಡುವಾಗ ಇನ್ನೊಂದು ತಾಪದಲ್ಲಿ. ತೆಳುಪದರಗಳಲ್ಲಿ ತಳದ ಸ್ಫಟಿಕ, ಪದರದ ದಪ್ಪ ಮತ್ತು ಆಮ್ಲಜನಕದ ಕೊರತೆ ಬದಲಾದಂತೆ ಈ ಸಂಕ್ರಮಣ ತಾಪ ಬಹಳವಾಗಿ ಸರಿಯುತ್ತದೆ, ಕೆಲವು ಪದರಗಳಲ್ಲಿ ಕಾಣೆಯಾಗುವುದೂ ಉಂಟು. ಇದನ್ನು ಅಳೆಯಲು 10 ಕೆಲ್ವಿನ್ ಬೇಕಿಲ್ಲ. 77 ಕೆಲ್ವಿನ್‌ನ ದ್ರವ ನೈಟ್ರೋಜನ್ ಸಾಕು, ಮತ್ತು ಅದು ನಿಮ್ಮ ವಿಶ್ವವಿದ್ಯಾಲಯದ ಯಾವುದಾದರೊಂದು ವಿಭಾಗಕ್ಕೆ ಖಂಡಿತ ಬರುತ್ತಿರುತ್ತದೆ. ಪಶುವೈದ್ಯರು ಕೂಡ ವೀರ್ಯನಳಿಕೆಗಳನ್ನು ಕಾಪಿಡಲು ಅದನ್ನು ತರಿಸುತ್ತಾರೆ.

ತೆಳ್ಳನೆಯ ಗೋಡೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯ ತುದಿಗೆ ತಾಮ್ರದ ಚಿಕ್ಕ ಗಟ್ಟಿಯೊಂದನ್ನು ಜೋಡಿಸಿ, ಅದರ ಮೇಲೆ ಮಾದರಿಯನ್ನೂ ಪ್ಲಾಟಿನಂ ತಾಪಮಾಪಕವನ್ನೂ ಪಕ್ಕಪಕ್ಕದಲ್ಲಿ ಅಂಟಿಸಿ, ಜೋಡಿಯಾಗಿ ಹೊಸೆದ ತಂತಿಗಳನ್ನು ಮೇಲಕ್ಕೆ ತನ್ನಿರಿ. ಡ್ಯೂವಾರ್‌ನಲ್ಲಿ (ದ್ರವ ನೈಟ್ರೋಜನ್ ಇಡುವ ಶಾಖನಿರೋಧಕ ಪಾತ್ರೆ) ಈ ಕಡ್ಡಿಯನ್ನು ದ್ರವದ ಮಟ್ಟದ ಮೇಲೆ ಎಷ್ಟು ಎತ್ತರದಲ್ಲಿ ನಿಲ್ಲಿಸುತ್ತೀರಿ ಎಂಬುದೇ ನಿಮ್ಮ ಒರಟು ತಾಪ ನಿಯಂತ್ರಣ. ಗಟ್ಟಿಗೆ ಸುತ್ತಿದ ಚಿಕ್ಕ ಹೀಟರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನಾಲ್ಕು ತಂತಿಗಳ ವಿಧಾನದಲ್ಲಿ ಅಳೆಯಿರಿ, ಪ್ರತಿ ತಾಪದಲ್ಲಿಯೂ ವಿದ್ಯುತ್ ಪ್ರವಾಹದ ದಿಕ್ಕನ್ನು ತಿರುಗಿಸಿ ಎರಡು ಓದುಗಳ ಸರಾಸರಿ ತೆಗೆದುಕೊಳ್ಳಿ. ಇಲ್ಲವಾದರೆ ತಂತಿಗಳ ಜೋಡಣೆಯಲ್ಲಿ ತಾಪವ್ಯತ್ಯಾಸದಿಂದ ಹುಟ್ಟುವ ವೋಲ್ಟೇಜ್ ಮಾದರಿಯದೇ ಎಂದು ತೋರುತ್ತದೆ. ಪ್ರವಾಹವನ್ನು ಅರ್ಧಕ್ಕಿಳಿಸಿದಾಗಲೂ ರೋಧ ಅಷ್ಟೇ ಇದ್ದರೆ ಮಾದರಿ ತಾನಾಗಿ ಬಿಸಿಯಾಗುತ್ತಿಲ್ಲವೆಂದು ನಂಬಬಹುದು. ಕೋಣೆಯ ಕಿಟಕಿಗಳನ್ನು ಮಾತ್ರ ತೆರೆದಿಡಿ: ಒಂದು ಲೀಟರ್ ದ್ರವ ನೈಟ್ರೋಜನ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗಿ ಉಸಿರಾಟದ ಗಾಳಿಯನ್ನು ಹೊರದೂಡುತ್ತದೆ, ಮತ್ತು ಅದರ ಮುನ್ಸೂಚನೆ ಮೂಗಿಗೂ ಕಣ್ಣಿಗೂ ಸಿಗುವುದಿಲ್ಲ.

ಈಗ ಥೀಸಿಸ್‌ನ ಮಾತು. ತಣಿಸುವ ಮತ್ತು ಬಿಸಿ ಮಾಡುವ ರೇಖೆಗಳ ನಡುವೆ ತೆರೆದುಕೊಳ್ಳುವ ಆ ಕುಣಿಕೆಯೊಳಗೆ ಲೋಹದ ತುಣುಕುಗಳೂ ಅವಾಹಕದ ತುಣುಕುಗಳೂ ಒಟ್ಟಿಗೆ ಇರುತ್ತವೆ. ತಾಪವನ್ನು ಒಂದು ಕಡೆ ಹಿಡಿದು ನಿಲ್ಲಿಸಿದರೆ, ತಣಿಸುವ ದಾರಿಯಲ್ಲಿ ರೋಧವು ಗಂಟೆಗಟ್ಟಲೆ ಮೆಲ್ಲನೆ ಏರುತ್ತ ಹೋಗುವುದನ್ನು ಕಾಣಬಹುದು; ಅತಿಶೀತಲಗೊಂಡ ಲೋಹದ ಭಾಗಗಳು ಒಂದೊಂದಾಗಿ ಅವಾಹಕಕ್ಕೆ ತಿರುಗುತ್ತಿರುತ್ತವೆ. ನಿಮ್ಮ ಕೈಯಲ್ಲಿರುವ ಬೇರೆ ಬೇರೆ ದಪ್ಪದ, ಬೇರೆ ಬೇರೆ ಆಮ್ಲಜನಕ ಒತ್ತಡದಲ್ಲಿ ಬೆಳೆಸಿದ ಪದರಗಳಲ್ಲಿ ಈ ನಡವಳಿಕೆ ಹೇಗೆ ಬದಲಾಗುತ್ತದೆ ಎಂಬುದು ಪೂರ್ಣ ಪ್ರಮಾಣದ ಪ್ರಶ್ನೆ, ಮತ್ತು ಅದನ್ನು ಈ ತಿಂಗಳಲ್ಲಿಯೇ ಶುರು ಮಾಡಬಹುದು. ನೀವು ವಿಷಯವನ್ನು ಬದಲಿಸಬೇಕಿಲ್ಲ. ಕೈಯಲ್ಲಿರುವ ಸಲಕರಣೆ ಉತ್ತರಿಸಬಲ್ಲ ಹಾಗೆ ಪ್ರಶ್ನೆಯನ್ನು ಕಿರಿದಾಗಿಸಬೇಕು.

ಲೆಕ್ಕದ ಮೇಷ್ಟ್ರು

ಗಣಕ ಲೆಕ್ಕಾಚಾರಕ್ಕೆ ಯಂತ್ರದ ಹಂಗಿಲ್ಲ ಎಂದವರು ಬಹುಶಃ ಅದನ್ನು ಮಾಡಿ ನೋಡಿದವರಲ್ಲ. ನಾನು ಇಲೆಕ್ಟ್ರಾನ್ ರಚನೆಯ ಲೆಕ್ಕಗಳನ್ನೇ ಮಾಡುವವನು, ಹಾಗಾಗಿ ನನ್ನ ಕಸುಬನ್ನು ಹಳಿಯುವ ಉದ್ದೇಶವಿಲ್ಲ. ಆದರೆ ಕಲಿಯಲು ಸುಲಭವೆಂದು ತೋರುವ ಈ ದಾರಿಗೆ ನಿಕಲೇಟ್‌ಗಳು ಅತ್ಯಂತ ಕೆಟ್ಟ ಆರಂಭ. ನಿಕಲ್‌ನ ಇಲೆಕ್ಟ್ರಾನ್‌ಗಳು ಪರಸ್ಪರ ತೀವ್ರವಾಗಿ ವಿಕರ್ಷಿಸುವುದರಿಂದ, ಸಾಧಾರಣ ಸಾಂದ್ರತಾ ಫಲನ ಸಿದ್ಧಾಂತದ ಲೆಕ್ಕಕ್ಕೆ ಆ ವಿಕರ್ಷಣೆಯನ್ನು ಸೂಚಿಸುವ ಒಂದು ಸಂಖ್ಯೆಯನ್ನು ಹೊರಗಿನಿಂದ ಸೇರಿಸುವುದು ರೂಢಿ. ಆ ಸಂಖ್ಯೆಯನ್ನು ಎಷ್ಟಿಡುತ್ತೀರಿ ಎಂಬುದರ ಮೇಲೆ ಅದೇ ವಸ್ತು ಲೋಹವೂ ಆಗಬಹುದು, ಅವಾಹಕವೂ ಆಗಬಹುದು. ಕಾಂತೀಯ ವಿನ್ಯಾಸವನ್ನು ಸರಿಯಾಗಿ ಹಿಡಿಯಲು 80 ಪರಮಾಣುಗಳ ಕೋಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ, ಅದಕ್ಕೆ ದೊಡ್ಡ ಗಣಕ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕೆಲಸ ಆರಂಭಿಸಿದ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಂ ಪ್ರವೇಗದಂಥ ಸೂಪರ್ ಕಂಪ್ಯೂಟರುಗಳಿವೆ ನಿಜ, ಆದರೆ ಅಲ್ಲಿಯೂ ಸರದಿ ಇದೆ, ಯಂತ್ರ ನಿಲ್ಲುವ ದಿನಗಳಿವೆ. ಕಂಪ್ರೆಸರ್ ಕಾಯುವ ಬದಲು ಸರದಿ ಕಾಯುತ್ತೀರಿ, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯದು. ಮೂರನೆಯ ವರ್ಷದಲ್ಲಿ ಒಬ್ಬರೇ ಹೊಸ ವಿಧಾನವನ್ನು ಕಲಿಯುವಾಗ ಫಲಿತಾಂಶ ತಪ್ಪಾಗಿದೆಯೆಂದು ಹೇಳಬಲ್ಲವರು ಪಕ್ಕದಲ್ಲಿರಬೇಕು. ನಿಮ್ಮ ಗೈಡ್ ಪ್ರಯೋಗ ಮಾಡುವವರು, ಲೆಕ್ಕ ಮಾಡುವವರಲ್ಲ. ಲೆಕ್ಕ ಮಾಡುವವರೊಬ್ಬರನ್ನು ಸಹಲೇಖಕರಾಗಿ ಸೇರಿಸಿಕೊಳ್ಳುವುದು ಒಳ್ಳೆಯದು; ಇಡೀ ಥೀಸಿಸ್ಸನ್ನು ಅಲ್ಲಿಗೆ ಹೊರಳಿಸುವುದು ಎತ್ತು ಕುಂಟಿತೆಂದು ಹೊಲವನ್ನೇ ಮಾರಿದ ಹಾಗೆ.

ತುಂಗಾತೀರ

ನಾನು ಪಿಎಚ್.ಡಿ. ಮುಗಿಸಿ ಹೆಚ್ಚು ಕಾಲವಾಗಿಲ್ಲ. ಮೇಲಿನ ಇಬ್ಬರೂ ಭೌತಶಾಸ್ತ್ರವನ್ನು ವಿವರಿಸಿದ್ದಾರೆ, ಕಾಗದಪತ್ರದ ಕಡೆಯನ್ನು ನಾನು ಹೇಳುತ್ತೇನೆ, ಏಕೆಂದರೆ ಸಂಶೋಧನೆ ನಿಲ್ಲುವುದು ಎಷ್ಟೋ ಬಾರಿ ಅಲ್ಲಿ.

ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ದೊರೆಯುತ್ತದೆ. ಮಹಿಳೆಯರಿಗೆ ಅದರ ಮೇಲೆ ಮತ್ತೆ ಎರಡು ವರ್ಷಗಳ ಸಡಿಲಿಕೆ ಇದೆ. ಫೆಲೋಶಿಪ್ ಮಾತ್ರ ಒಟ್ಟು ಐದು ವರ್ಷಕ್ಕೆ ನಿಲ್ಲುತ್ತದೆ. ಅಂದರೆ ನಿಮ್ಮ ನಿಜವಾದ ಗಡುವು ನೋಂದಣಿಯದಲ್ಲ, ಹಣದ್ದು. 2023ರ ಜನವರಿಯಿಂದ ಜೆ.ಆರ್.ಎಫ್.ಗೆ ತಿಂಗಳಿಗೆ 37,000, ಎಸ್.ಆರ್.ಎಫ್.ಗೆ (ಹಿರಿಯ ಸಂಶೋಧನಾ ಫೆಲೋಶಿಪ್) 42,000 ರೂಪಾಯಿ. ಎರಡು ವರ್ಷ ತುಂಬಿದಾಗ ಸಮಿತಿಯ ಮುಂದೆ ಕೆಲಸವನ್ನು ಮಂಡಿಸಿ ಎಸ್.ಆರ್.ಎಫ್.ಗೆ ಏರಬೇಕು, ನೀವು ಮೂರನೆಯ ವರ್ಷದಲ್ಲಿದ್ದೀರಿ, ಅದು ಆಗಿದೆಯೇ ಎಂಬುದನ್ನು ಬರೆದಿಲ್ಲ. ಆಗಿಲ್ಲದಿದ್ದರೆ ಕಂಪ್ರೆಸರ್ ವಿಚಾರವನ್ನು ಪಕ್ಕಕ್ಕಿಟ್ಟು ಮೊದಲು ಅದನ್ನು ಮಾಡಿಸಿಕೊಳ್ಳಿ. ಹಣ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬರುವುದನ್ನು ನಮ್ಮ ಬ್ಯಾಚಿನ ಎಲ್ಲರೂ ನೋಡಿದ್ದೇವೆ, ಹಾಸ್ಟೆಲ್ ಮೆಸ್ಸಿನವರು ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಕೈಯಲ್ಲಿ ಒಂದಷ್ಟು ಉಳಿತಾಯವಿರಲಿ.

ಅದೇ ನಿಯಮಾವಳಿಯಲ್ಲಿ, ಥೀಸಿಸ್ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ಯು.ಜಿ.ಸಿ. ಕೈಬಿಟ್ಟಿತು. ಆದರೆ ವಿಶ್ವವಿದ್ಯಾಲಯಗಳು ತಮ್ಮ ನಿಯಮದಲ್ಲಿ ಅದನ್ನು ಉಳಿಸಿಕೊಳ್ಳಬಹುದು, ಹಲವು ಉಳಿಸಿಕೊಂಡಿವೆ. ನಿಮ್ಮ ವಿಶ್ವವಿದ್ಯಾಲಯದ ಪಿಎಚ್.ಡಿ. ವಿಭಾಗದಲ್ಲಿ ಲಿಖಿತ ನಿಯಮವನ್ನೇ ಕೇಳಿ ಪಡೆಯಿರಿ. ಸೀನಿಯರುಗಳ ಬಾಯಿಮಾತನ್ನು ನಂಬಬೇಡಿ.

ವಿಷಯವನ್ನು ಕಿರಿದಾಗಿಸಿಕೊಳ್ಳಿ ಎಂದು ಡ್ಯೂವಾರ್ ಸರ್ ಹೇಳಿದ್ದಾರೆ. ಅದನ್ನು ಗೈಡ್ ಬಳಿ ಹೇಗೆ ಎತ್ತುವುದು ಎಂಬುದು ವಿದ್ಯಾರ್ಥಿಗೆ ಭೌತಶಾಸ್ತ್ರಕ್ಕಿಂತ ಕಷ್ಟ. "ಸರ್, ಇದು ಆಗುತ್ತಿಲ್ಲ" ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಈಗಿರುವ ಪದರಗಳ ಪಟ್ಟಿ, ಪ್ರತಿಯೊಂದರ ಎಕ್ಸ್-ಕಿರಣ ದಾಖಲೆ, ನೈಟ್ರೋಜನ್ ತಾಪದಲ್ಲಿ ಒಂದೆರಡರ ಅಳತೆ, ಇವನ್ನು ಎರಡು ಪುಟಗಳಲ್ಲಿ ಬರೆದು ಕೊಡಿ. ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸಬೇಕೆಂಬ ನಿಯಮವಿದೆಯಲ್ಲ, ಅಲ್ಲಿ ಇದನ್ನು ಮಂಡಿಸಿ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ಶೀರ್ಷಿಕೆಯಲ್ಲಿ ಅತಿವಾಹಕತೆ ಎಂಬ ಪದವಿದ್ದರೆ ಅದನ್ನು ಬದಲಿಸಲು ಸಮಿತಿಯ ಶಿಫಾರಸು ಬೇಕಾಗುತ್ತದೆ. ಸಿನಾಪ್ಸಿಸ್ (ಥೀಸಿಸ್ಸಿನ ಸಾರಾಂಶ) ಸಲ್ಲಿಸುವ ಹೊತ್ತಿಗೆ ಇದನ್ನು ಮಾಡಹೊರಟರೆ ಆಗುವ ಓಡಾಟವನ್ನು ನಾನು ನನ್ನ ಗೆಳತಿಯೊಬ್ಬರ ವಿಷಯದಲ್ಲಿ ನೋಡಿದ್ದೇನೆ.

ಕೆಳತಾಪದ ಅಳತೆ ಬೇಕೇ ಬೇಕೆನ್ನುವ ಕೆಲವೇ ಮಾದರಿಗಳಿಗೆ ಇಂದೋರ್‌ನಲ್ಲಿರುವ ಯು.ಜಿ.ಸಿ.-ಡಿ.ಎ.ಇ. ವೈಜ್ಞಾನಿಕ ಸಂಶೋಧನಾ ಒಕ್ಕೂಟಕ್ಕೆ ಅರ್ಜಿ ಹಾಕಿ. ಅದು ಇರುವುದೇ ವಿಶ್ವವಿದ್ಯಾಲಯಗಳಲ್ಲಿ ಇಂಥ ಉಪಕರಣಗಳಿಲ್ಲದವರಿಗಾಗಿ. ಹೋಗುವ ಮೊದಲು ನೈಟ್ರೋಜನ್‌ನಲ್ಲಿ ಎಲ್ಲ ಮಾದರಿಗಳನ್ನೂ ಪರೀಕ್ಷಿಸಿ, ಸಂಪರ್ಕಗಳು ತಣ್ಣಗಾದಾಗಲೂ ಕಿತ್ತು ಬಾರದಂಥವನ್ನು ಮಾತ್ರ ಒಯ್ಯಿರಿ. ಅಲ್ಲಿ ಸಿಗುವ ಸಮಯ ತಂತಿ ಅಂಟಿಸುವ ಬೆಳ್ಳಿಯ ಪೇಸ್ಟ್ ಒಣಗಿಸುತ್ತ ಕೂರಲು ಅಲ್ಲ.

ಕೋಲಾರದವನು

ನಾನು ಪದವಿ ಕಾಲೇಜಿನ ಉಪನ್ಯಾಸಕ. ಎಲ್ಲರೂ ಸಂಶೋಧನೆಯನ್ನು ಮುಂದುವರಿಸುವ ದಾರಿಯನ್ನೇ ಹೇಳುತ್ತಿದ್ದೀರಿ, ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಗೈಡ್ "ಕಾಯೋಣ" ಎಂದಾಗ ಕಾಯುವ ವೆಚ್ಚ ಅವರ ಮೇಲೆ ಬೀಳುವುದಿಲ್ಲ, ವಿದ್ಯಾರ್ಥಿನಿಯ ಮೇಲೆ ಬೀಳುತ್ತದೆ. ಆದ್ದರಿಂದ ಎರಡು ಪುಟದ ಟಿಪ್ಪಣಿಯ ಕೊನೆಯಲ್ಲಿ ಒಂದು ದಿನಾಂಕವಿರಲಿ: ಆ ದಿನದೊಳಗೆ ಹೈಡ್ರೈಡ್ ಹಂತ ಫಲಿಸದಿದ್ದರೆ ಅದನ್ನು ಥೀಸಿಸ್‌ನಿಂದ ಕೈಬಿಡುತ್ತೇವೆ ಎಂದು ಇಬ್ಬರೂ ಒಪ್ಪಿಕೊಳ್ಳಿ. ಆ ಹಂತ ಕಷ್ಟದ್ದೆಂದು ಜಗತ್ತಿಗೇ ಗೊತ್ತಿದೆ. 2019ರ ವರದಿಯ ನಂತರ ಬೇರೆ ಪ್ರಯೋಗಾಲಯಗಳು ಅತಿವಾಹಕ ಪದರವನ್ನು ಪಡೆಯಲು ಬಹಳ ಹೆಣಗಿದವು, ಇದೇ ವಸ್ತುವಿನ ಗಟ್ಟಿ ಮಾದರಿಗಳಲ್ಲಿ ಆಗ ಅತಿವಾಹಕತೆ ಕಾಣಲೇ ಇಲ್ಲ. ಸಂಪನ್ನ ಪ್ರಯೋಗಾಲಯಗಳು ಎಡವಿದ ಕಡೆ ಎರವಲು ಸಮಯದಲ್ಲಿ ಪದರ ಬೆಳೆಸುವ ವಿದ್ಯಾರ್ಥಿನಿಯೊಬ್ಬರನ್ನು ನಿಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ವಿಷಯದ ಆಯ್ಕೆಯಲ್ಲಿಯೇ ಇರುವ ದೋಷ.

ಆದರೆ "ಸಿಗದಿದ್ದರೆ ಥೀಸಿಸ್ ಆಗುತ್ತದೆಯೇ" ಎಂಬ ಪ್ರಶ್ನೆಗೆ ನಮ್ಮ ಊರಿನದೇ ಉತ್ತರವಿದೆ. 1960ರ ದಶಕದ ಆರಂಭದಲ್ಲಿ ಕೋಲಾರ ಚಿನ್ನದ ಗಣಿಗಳಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ವಿಶ್ವಕಿರಣಗಳಿಂದ (ಬಾಹ್ಯಾಕಾಶದಿಂದ ಬರುವ ಕಣಗಳು) ಹುಟ್ಟುವ ಮ್ಯೂಆನ್ ಕಣ‌ಗಳನ್ನು ಬೇರೆ ಬೇರೆ ಆಳದಲ್ಲಿ ಎಣಿಸುತ್ತ ಹೋದರು. ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳ ಕಾಲ ಯಂತ್ರ ಓಡಿದರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಆ ಸೊನ್ನೆಯಿಂದಲೇ ತಿಳಿದದ್ದೇನೆಂದರೆ, ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಬಂಡೆಯನ್ನೂ ದಾಟಿ ಬರುವ ನ್ಯೂಟ್ರಿನೋ ಕಣಗಳು ಹುಟ್ಟಿಸುವ ಅಪರೂಪದ ಕಣಗಳನ್ನು ಗುರುತಿಸಬಹುದು ಎಂಬುದು. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಹಂ ವಿಶ್ವವಿದ್ಯಾಲಯದವರೊಡನೆ ಸೇರಿ 1965ರಲ್ಲಿ ಅದೇ ಗಣಿಯಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಪತ್ತೆ ಮಾಡಿದರು. ಅಲ್ಲಿ ಸೊನ್ನೆಗೆ ಬೆಲೆ ಬಂದದ್ದು ಯಂತ್ರ ಸರಿಯಾಗಿ ಓಡುತ್ತಿತ್ತೆಂದು ಬೇರೆ ಆಳಗಳ ಎಣಿಕೆಗಳು ಸಾಬೀತು ಮಾಡಿದ್ದರಿಂದ. ನಿಮ್ಮ ಅವಾಹಕ ಪದರಗಳಿಗೂ ಅದೇ ಅನ್ವಯ. ಹೈಡ್ರೈಡ್ ಹಂತದ ಮೊದಲು ಆ ಪದರ ಹೇಗಿತ್ತು, ಎಷ್ಟು ಕಾಯಿಸಿದಿರಿ, ಎಷ್ಟು ಹೊತ್ತು ಎಂಬ ದಾಖಲೆ ಇದ್ದರೆ ಅದೊಂದು ಅಧ್ಯಾಯ. ಇಲ್ಲದಿದ್ದರೆ ಬರೀ ಹಾಳಾದ ಮಾದರಿ.

ನಿಕಲೇಟ್ ವಿದ್ಯಾರ್ಥಿನಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎಸ್.ಆರ್.ಎಫ್. ಮಂಡನೆ ಮುಗಿದಿದೆ, ತುಂಗಾತೀರ ಮೇಡಂ. ಆದೇಶಪತ್ರ ಇನ್ನೂ ಬರಬೇಕು. ಕಾಯಿಸಿದ ತಾಪ ಮತ್ತು ಅವಧಿಯ ದಾಖಲೆಗಳು ನೋಟ್‌ಪುಸ್ತಕದಲ್ಲಿವೆ, ಆದರೆ ಮೊದಲ ಕೆಲವು ಪದರಗಳ ರೋಧವನ್ನು ಹೈಡ್ರೈಡ್ ಹಂತಕ್ಕೆ ಮುಂಚೆ ಯಾರೂ ಅಳೆದಿರಲಿಲ್ಲ.

ರಸಾಯನಶಾಸ್ತ್ರ ವಿಭಾಗದಿಂದ ನೈಟ್ರೋಜನ್ ಪಡೆದು, ವರ್ಕ್‌ಶಾಪಿನವರ ನೆರವಿನಿಂದ ಡ್ಯೂವಾರ್ ಸರ್ ಹೇಳಿದಂಥ ಕಡ್ಡಿಯೊಂದನ್ನು ಮಾಡಿಸಿದೆ. ಸ್ಟ್ರಾನ್ಷಿಯಂ ಬೆರೆಸದ ಒಂದು ಪದರದಲ್ಲಿ ತಣಿಸುವಾಗ 150 ಕೆಲ್ವಿನ್ ಆಸುಪಾಸಿನಲ್ಲಿ ರೋಧ ಏರತೊಡಗುತ್ತದೆ, ಬಿಸಿ ಮಾಡುವಾಗ ಬೇರೆ ದಾರಿಯಲ್ಲಿ ಮರಳುತ್ತದೆ. ಗೈಡ್ ನೋಡಿ ಸಂತೋಷಪಟ್ಟರು, ಆದರೆ ಕೂಡಲೇ ಇದು ತಾಪಮಾಪಕ ಹಿಂದೆ ಬೀಳುವುದರಿಂದ ಆಗಿರುವ ಕುಣಿಕೆಯಲ್ಲವೆಂದು ಹೇಗೆ ಹೇಳುತ್ತೀಯ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಇನ್ನೊಂದು ವಿಚಿತ್ರವೂ ಇದೆ: 105 ಕೆಲ್ವಿನ್ ಬಳಿ ರೇಖೆಯಲ್ಲಿ ಸಣ್ಣದೊಂದು ಬಾಗು ಕಾಣುತ್ತದೆ.

ಡ್ಯೂವಾರ್

ನಿಮ್ಮ ಗೈಡ್ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾರೆ, ಈ ಪ್ರಶ್ನೆಯನ್ನು ಕೇಳುವವರ ಬಳಿ ಕೆಲಸ ಮಾಡುವುದು ಲಾಭವೇ. ಅದೇ ಪದರವನ್ನು ನಿಮಿಷಕ್ಕೆ 2 ಕೆಲ್ವಿನ್, 1 ಕೆಲ್ವಿನ್, ಅರ್ಧ ಕೆಲ್ವಿನ್ ವೇಗದಲ್ಲಿ ಓಡಿಸಿ ನೋಡಿ. ತಾಪಮಾಪಕ ಹಿಂದೆ ಬೀಳುತ್ತಿದ್ದರೆ ಕುಣಿಕೆಯ ಅಗಲ ವೇಗದ ಜೊತೆಗೆ ಅದೇ ಅನುಪಾತದಲ್ಲಿ ಕುಗ್ಗುತ್ತದೆ, ಜೊತೆಗೆ ಸಂಕ್ರಮಣದಿಂದ ಬಹಳ ಮೇಲೆ, ಪದರ ಇನ್ನೂ ಲೋಹವಾಗಿರುವ 250 ಕೆಲ್ವಿನ್‌ನಲ್ಲಿಯೂ ಎರಡು ರೇಖೆಗಳು ಬೇರೆಬೇರೆಯಾಗಿ ಕಾಣುತ್ತವೆ. ನಿಜವಾದ ಕುಣಿಕೆ ಒಂದು ತಾಪದಲ್ಲಿ ಮುಚ್ಚಿಕೊಂಡು, ಅದರ ಮೇಲೆ ಎರಡೂ ರೇಖೆಗಳು ಒಂದಾಗುತ್ತವೆ. ನಿಧಾನವಾಗಿ ಓಡಿಸಿದಾಗ ಸ್ವಲ್ಪ ಕಿರಿದಾದರೂ ಸೊನ್ನೆಯತ್ತ ಹೋಗುವುದಿಲ್ಲ. ಆಮೇಲೆ ತಣಿಸುವ ದಾರಿಯಲ್ಲಿ 140 ಕೆಲ್ವಿನ್‌ನಲ್ಲಿ ಒಂದು ಗಂಟೆ ನಿಲ್ಲಿಸಿ. ತಾಪಮಾಪಕದ ಓದು ಅಲುಗಾಡದೆ ನಿಂತಿರುವಾಗ ರೋಧ ಮಾತ್ರ ಏರುತ್ತ ಹೋದರೆ ಅದೇ ನಿಮ್ಮ ಮೊದಲ ಪ್ರಬಂಧದ ಎರಡನೆಯ ಚಿತ್ರ.

105 ಕೆಲ್ವಿನ್‌ನ ಬಾಗನ್ನು ಪದರದ ತಲೆಗೆ ಕಟ್ಟಬೇಡಿ. ಸ್ಟ್ರಾನ್ಷಿಯಂ ಟೈಟನೇಟ್ ಆ ತಾಪದಲ್ಲಿ ತನ್ನ ಸ್ಫಟಿಕ ರಚನೆಯನ್ನು ಘನಾಕೃತಿಯಿಂದ ಚತುಷ್ಕೋನಾಕೃತಿಗೆ ಬದಲಿಸುತ್ತದೆ, ಮೇಲಿರುವ ಪದರಕ್ಕೆ ಆ ಎಳೆತ ತಟ್ಟುವ ಸಾಧ್ಯತೆ ಇದೆ. ಅದೇ ದಪ್ಪದ ಪದರವನ್ನು ಲ್ಯಾಂಥನಂ ಅಲ್ಯೂಮಿನೇಟ್ ಎಂಬ ಬೇರೊಂದು ತಳದ ಸ್ಫಟಿಕದ ಮೇಲೆ ಬೆಳೆಸಿ ಅಳೆಯಿರಿ. ಬಾಗು ಅಲ್ಲಿ ಕಾಣದಿದ್ದರೆ ಸಂಶಯ ಬಹುಮಟ್ಟಿಗೆ ತೀರುತ್ತದೆ. ಆದರೆ ಆ ತಳವು ಮೇಲಿನ ಪದರವನ್ನು ಹಿಗ್ಗಿಸುವ ಬದಲು ಕುಗ್ಗಿಸುವುದರಿಂದ ಸಂಕ್ರಮಣವೇ ಕೆಳಗೆ ಜಾರೀತು. 77 ಕೆಲ್ವಿನ್‌ಗಿಂತ ಸ್ವಲ್ಪ ಕೆಳಗೆ ಹೋಗಬೇಕಾಗಿ ಬಂದರೆ ನೈಟ್ರೋಜನ್ ಮೇಲಿನ ಆವಿಯನ್ನು ರೋಟರಿ ಪಂಪಿನಿಂದ ಎಳೆಯಬಹುದು, 63 ಕೆಲ್ವಿನ್‌ನಲ್ಲಿ ಅದು ಹೆಪ್ಪುಗಟ್ಟುವವರೆಗೆ. ಅದಕ್ಕೂ ಕೆಳಗಿನದನ್ನು ಇಂದೋರ್‌ನ ಅರ್ಜಿಯಲ್ಲಿ ಬರೆಯಿರಿ, ಮತ್ತು ಅರ್ಜಿಗೆ ಈ ಕುಣಿಕೆಯ ಚಿತ್ರವನ್ನು ಲಗತ್ತಿಸಲು ಮರೆಯಬೇಡಿ.